ರೋಗಿಯ ಮಾತೂ ವೈದ್ಯರ ಪದವಿಯೂ

ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಯು ಮೊದಲ ಬಾರಿಗೆ ಆಸ್ಪತ್ರೆಯ ವಾರ್ಡಿಗೆ ಕಾಲಿಡುವ ವೇಳೆಗೆ, ರೋಗಿಯನ್ನು ಹೇಗೆ ಪ್ರಶ್ನಿಸಬೇಕು, ಅವನು ಹೇಳಿದ್ದನ್ನು ಹೇಗೆ ಬರೆದುಕೊಳ್ಳಬೇಕು ಎಂಬುದನ್ನು ತಿಳಿಸುವ ಪುಸ್ತಕವೊಂದನ್ನು ಓದಿಯೇ ಇರುತ್ತಾನೆ. ಇಂಥ ಪುಸ್ತಕಗಳೆಲ್ಲ ಹೆಚ್ಚು ಕಡಮೆ ಒಂದೇ ನಿಯಮದಿಂದ ಆರಂಭವಾಗುತ್ತವೆ: ರೋಗಿಯ ಮುಖ್ಯ ತೊಂದರೆಯನ್ನು ಅವನ ಮಾತಿನಲ್ಲಿಯೇ ಬರೆಯತಕ್ಕದ್ದು, ವೈದ್ಯನ ಪರಿಭಾಷೆಯನ್ನು ಅಲ್ಲಿ ತರಕೂಡದು. ನಿಯಮವೇನೋ ಬಹು ಸೊಗಸಾದುದು. ಆದರೆ ಮೈಸೂರಿನಲ್ಲಾಗಲಿ, ಹುಬ್ಬಳ್ಳಿಯಲ್ಲಾಗಲಿ, ಕಲಬುರಗಿಯಲ್ಲಾಗಲಿ ಕೇಸ್ ಷೀಟನ್ನು ತೆರೆದು ನೋಡಿದರೆ ಅಲ್ಲಿ ರೋಗಿಯ ಮಾತು ಇರುವುದಿಲ್ಲ, ಇಂಗ್ಲಿಷ್ ಇರುತ್ತದೆ. “ಹೊಟ್ಟೆಯೊಳಗೆ ಸಂಕಟ ಸ್ವಾಮಿ, ಮೂರು ದಿವಸ ಆಯಿತು” ಎಂದು ಮುದುಕಿಯೊಬ್ಬಳು ಹೇಳಿದ್ದು ಹಾಳೆಯ ಮೇಲೆ ‘ಅಬ್ಡಾಮಿನಲ್ ಪೇನ್, ಮೂರು ದಿನ’ ಎಂದು ಇಳಿಯುತ್ತದೆ. ಆಕೆ ನೋವೆಂಬ ಮಾತನ್ನೇ ಆಡಿರಲಿಲ್ಲ. ಸಂಕಟವೆಂದರೆ ಒಬ್ಬರಿಗೆ ಓಕರಿಕೆ, ಇನ್ನೊಬ್ಬರಿಗೆ ಹಸಿವಿನ ತಳಮಳ, ಮತ್ತೊಬ್ಬರಿಗೆ ಮನಸ್ಸಿನ ವ್ಯಥೆ. ಮೂರರಲ್ಲಿ ಯಾವುದೆಂದು ವಿಚಾರಿಸದೆ ಅನುವಾದ ಮುಗಿದುಹೋಗಿದೆ. ಮುಂದಿನ ಪರೀಕ್ಷೆ, ಔಷಧ, ವೆಚ್ಚಗಳೆಲ್ಲ ಆ ಅನುವಾದವನ್ನೇ ಹಿಡಿದು ಸಾಗುತ್ತವೆ.

ವಿಶ್ವವಿದ್ಯಾನಿಲಯಗಳು ವಿದ್ಯಾರ್ಥಿಗಳನ್ನು ವೈದ್ಯವೃತ್ತಿಗೆ ಎಷ್ಟರಮಟ್ಟಿಗೆ ಸಿದ್ಧಗೊಳಿಸುತ್ತಿವೆ ಎಂಬ ಚರ್ಚೆ ಬಂದಾಗಲೆಲ್ಲ ಸೀಟುಗಳ ಸಂಖ್ಯೆ, ಶುಲ್ಕದ ಹೊರೆ, ಅಧ್ಯಾಪಕರ ಕೊರತೆ ಇವೇ ಮುಂದಕ್ಕೆ ಬರುತ್ತವೆ. ಅವೂ ಚರ್ಚಿಸತಕ್ಕ ವಿಷಯಗಳೇ. ಆದರೆ ನಾಲ್ಕೂವರೆ ವರ್ಷದ ವ್ಯಾಸಂಗ ಮತ್ತು ಒಂದು ವರ್ಷದ ಹೌಸ್ ಸರ್ಜನ್ ಕೆಲಸ ಮುಗಿಸಿ ಹೊರಬರುವ ತರುಣ ವೈದ್ಯನಿಗೆ ತನ್ನ ಎದುರು ಕುಳಿತವರ ಮಾತು ತಿಳಿಯುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡ ಮೈಸೂರು ಮೆಡಿಕಲ್ ಕಾಲೇಜಿನಿಂದ ಹಿಡಿದು, 1953ರ ಮಣಿಪಾಲ, 1957ರ ಹುಬ್ಬಳ್ಳಿ ಕಾಲೇಜುಗಳನ್ನು ಹಾದು, 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದವರೆಗೆ ನಮ್ಮ ವೈದ್ಯಶಿಕ್ಷಣಕ್ಕೆ ಒಂದು ಶತಮಾನದ ಚರಿತ್ರೆಯಿದೆ. ಈ ನೂರು ವರ್ಷಗಳಲ್ಲಿ ರೋಗದ ಭಾಷೆಯನ್ನು ಚೆನ್ನಾಗಿಯೇ ಕಲಿಸಲಾಗಿದೆ. ರೋಗಿಯ ಭಾಷೆಯನ್ನು ವಿದ್ಯಾರ್ಥಿ ತಾನಾಗಿಯೇ ಕಲಿತುಕೊಳ್ಳಲಿ ಎಂದು ಬಿಡಲಾಗಿದೆ.

ಇದು ಕನ್ನಡಾಭಿಮಾನದ ಮಾತೆಂದು ಯಾರಾದರೂ ತಳ್ಳಿಹಾಕಬಹುದು. ಹಾಗೆ ತಳ್ಳಿಹಾಕುವವರು 1975ರಲ್ಲಿ ಇಂಗ್ಲೆಂಡಿನ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪ್ರಕಟಿಸಿದ ಒಂದು ಲೇಖನವನ್ನು ನೋಡಬೇಕು. ಹೊರರೋಗಿಗಳಾಗಿ ಹೊಸದಾಗಿ ಬಂದ 80 ಮಂದಿಯನ್ನು ಅವರು ತೆಗೆದುಕೊಂಡರು. ಕಳುಹಿಸಿದ ವೈದ್ಯರ ಪತ್ರವನ್ನು ಓದಿ, ರೋಗಿಯ ವೃತ್ತಾಂತವನ್ನು ಕೇಳಿದ ಮಾತ್ರಕ್ಕೇ, ಮೈ ಮುಟ್ಟಿ ನೋಡುವ ಮೊದಲೇ, ಯಾವ ರಕ್ತಪರೀಕ್ಷೆಯನ್ನೂ ಮಾಡಿಸುವ ಮೊದಲೇ, ಮಾಡಿದ ರೋಗನಿರ್ಣಯವು 66 ಮಂದಿಯಲ್ಲಿ ಕೊನೆಯ ನಿರ್ಣಯದೊಂದಿಗೆ ಕೂಡಿಬಂದಿತು. ಕಿವಿಯೇ ಅಷ್ಟು ದೊಡ್ಡ ಉಪಕರಣವಾದ ಮೇಲೆ ಅದನ್ನು ಹದಗೊಳಿಸುವ ಕೆಲಸ ವಿಶ್ವವಿದ್ಯಾನಿಲಯದ್ದಲ್ಲವೇ?

ನಮ್ಮ ದೇಶದ ಕಥೆ ಇನ್ನೂ ಕಹಿ. ದೆಹಲಿಯಲ್ಲಿಯೂ ಮಧ್ಯಪ್ರದೇಶದ ಹಳ್ಳಿಗಳಲ್ಲಿಯೂ ಸ್ಥಳೀಯ ಜನರಿಗೇ ತರಬೇತು ಕೊಟ್ಟು, ರೋಗಿಗಳಂತೆ ಚಿಕಿತ್ಸಕರ ಬಳಿಗೆ ಕಳುಹಿಸಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಒಬ್ಬನಿಗೆ ಎದೆನೋವು, ಒಬ್ಬನಿಗೆ ಉಬ್ಬಸ, ಇನ್ನೊಬ್ಬನ ಮನೆಯಲ್ಲಿ ಮಗುವಿಗೆ ರಕ್ತಭೇದಿ. ಬಂದವರು ನಿಜವಾದ ರೋಗಿಗಳಲ್ಲವೆಂದು ನೋಡುವವರಿಗೆ ತಿಳಿಯದು. ಮಧ್ಯಪ್ರದೇಶದ ಹಳ್ಳಿಗಳಲ್ಲಿ ಒಂದೊಂದು ಭೇಟಿ ಸರಾಸರಿ 3.6 ನಿಮಿಷದಲ್ಲಿ ಮುಗಿಯಿತು. ಕೇಳಬೇಕಾದ ಪ್ರಶ್ನೆ, ಮಾಡಬೇಕಾದ ತಪಾಸಣೆಗಳಲ್ಲಿ ನಡೆದದ್ದು ಸುಮಾರು ಮೂರರಲ್ಲಿ ಒಂದು ಪಾಲು. ಮನಸ್ಸಿಗೆ ಚುಚ್ಚುವ ಸಂಗತಿಯೆಂದರೆ, ಈ ಕೇಳುವ ವಿಷಯದಲ್ಲಿ ಪದವಿಯಿದ್ದವರಿಗೂ ಇಲ್ಲದವರಿಗೂ ಹೆಚ್ಚಿನ ಅಂತರ ಕಂಡುಬರಲಿಲ್ಲ. ಪದವಿಯು ಬಹಳಷ್ಟನ್ನು ಕೊಟ್ಟಿರಬಹುದು. ಕೇಳುವ ಅಭ್ಯಾಸವನ್ನು ಮಾತ್ರ ಕೊಟ್ಟಿರಲಿಲ್ಲ.

ಮೈಯ ಮಾತುಗಳು

ಕನ್ನಡದಲ್ಲಿ ಕಾಯಿಲೆಯನ್ನು ಕುರಿತ ಮಾತುಗಳು ಎಷ್ಟು ನಿಖರ, ಎಷ್ಟು ಮೋಸಗೊಳಿಸುವಂಥವು ಎಂಬುದನ್ನು ಸ್ವಲ್ಪ ನೋಡೋಣ. ಹಳೆಯ ಮೈಸೂರಿನವರಿಗೆ ‘ಹುಷಾರಿಲ್ಲ’, ಧಾರವಾಡದವರಿಗೆ ‘ಆರಾಮಿಲ್ಲ’, ಮಂಗಳೂರಿನ ಕಡೆಯವರಿಗೆ ‘ಸೌಖ್ಯವಿಲ್ಲ’. ಇಷ್ಟಾದರೆ ಊಹೆಯಿಂದಲೇ ತಿಳಿದೀತು. ಆದರೆ ಉತ್ತರ ಕರ್ನಾಟಕದ ಆಸ್ಪತ್ರೆಯಲ್ಲಿ ಮುದುಕರೊಬ್ಬರು “ಯಪ್ಪಾ, ತಿಂಗಳಾತು, ಜಡ್ಡು ಬಿಟ್ಟಿಲ್ಲ ನೋಡು” ಎಂದಾಗ, ಮೈಸೂರಿನ ಹುಡುಗ ಅಂಗೈ ಅಂಗಾಲುಗಳನ್ನು ತಿರುಗಿಸಿ ನೋಡಿದರೆ ಆಶ್ಚರ್ಯಪಡಬೇಕಾಗಿಲ್ಲ. ಅವನ ಊರಿನಲ್ಲಿ ಜಡ್ಡು ಎಂದರೆ ಗಟ್ಟಿಯಾದ ಚರ್ಮ. ಇವರ ಊರಿನಲ್ಲಿ ಜಡ್ಡೆಂದರೆ ಕಾಯಿಲೆ. ಇಬ್ಬರೂ ಕನ್ನಡಿಗರೇ!

‘ತಲೆ ಸುತ್ತುತ್ತದೆ’ ಎಂಬುದು ಒಂದು, ‘ಕಣ್ಣು ಕತ್ತಲೆ ಬರುತ್ತದೆ’ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಮನೆಯೇ ಗಿರಗಿರನೆ ತಿರುಗಿದಂತಾಗುತ್ತದೆ. ಕಿವಿಯ ಒಳಭಾಗದ ತೊಂದರೆಯಿಂದ ಹಾಗಾಗಬಹುದು. ಎರಡನೆಯದರಲ್ಲಿ ಎದ್ದು ನಿಂತೊಡನೆ ಲೋಕವೇ ಮಸುಳಿಸಿ ಮೂರ್ಛೆ ಬಂದಂತಾಗುತ್ತದೆ. ರಕ್ತಹೀನತೆ, ರಕ್ತದೊತ್ತಡದ ಇಳಿತ, ಕೆಲವೊಮ್ಮೆ ಹೃದಯದ ಬಡಿತದ ಏರುಪೇರು ಕಾರಣವಾಗಿರಬಹುದು. ಹಳ್ಳಿಯ ಹೆಣ್ಣುಮಗಳು ತನ್ನ ಮಾತಿನಲ್ಲಿ ಈ ಭೇದವನ್ನು ಮಾಡಿಯೇ ಒಳಗೆ ಬಂದಿರುತ್ತಾಳೆ. ಕೇಸ್ ಷೀಟಿನಲ್ಲಿ ಎರಡೂ ‘ಗಿಡ್ಡಿನೆಸ್’ ಆಗುತ್ತವೆ. ರೋಗಿ ಅರ್ಧ ಮಾಡಿಕೊಟ್ಟ ರೋಗನಿರ್ಣಯವನ್ನು ವೈದ್ಯನು ಅಳಿಸಿಹಾಕಿದಂತಾಯಿತು.

ಉಸಿರಿನ ವಿಷಯವೂ ಹಾಗೆಯೇ. ಏದುಸಿರು, ಮೇಲುಸಿರು, ಉಬ್ಬಸ, ದಮ್ಮು ಇವು ಒಂದೇ ಅಲ್ಲ. ದಿಣ್ಣೆ ಹತ್ತಿದವನಿಗೆ ಬರುವುದು ಏದುಸಿರು. ಚಳಿಗಾಲದ ರಾತ್ರಿ ಎದೆಯಲ್ಲಿ ಸಿಳ್ಳೆ ಹಾಕಿಸುವುದು ಉಬ್ಬಸ. ಮೇಲುಸಿರಂತೂ ಮನೆಯವರೆಲ್ಲ ಹಾಸಿಗೆಯ ಸುತ್ತ ಸೇರುವಂಥದು. ‘ಗ್ಯಾಸು’ ಎಂಬ ಹೊಸ ಮಾತಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹೃದಯಾಘಾತದ ಎದೆಬಿಗಿತವನ್ನು ಗ್ಯಾಸೆಂದು ತಿಳಿದು ಸೋಡಾ ಕುಡಿದು ಮಲಗುವವರು ನಮ್ಮಲ್ಲಿ ಉಂಟು. ವೈದ್ಯರ ಮುಂದೆ ಬಂದಾಗಲೂ ಅವರು ಹೇಳುವುದು ಆ ಮಾತನ್ನೇ. “ನಡೆದರೆ ಹೆಚ್ಚಾಗುತ್ತದೆಯೇ? ನಿಂತರೆ ಇಳಿಯುತ್ತದೆಯೇ? ಎಡತೋಳಿಗೆ, ದವಡೆಗೆ ಹರಿಯುತ್ತದೆಯೇ?” ಎಂದು ಅವರ ಮಾತಿನಲ್ಲಿ ಕೇಳಬಲ್ಲವನಿಗೆ ಮಾತ್ರ ಆ ಮಾತಿನ ಹಿಂದೆ ಅಡಗಿರುವ ಅಪಾಯ ಕಾಣಿಸೀತು.

ಸ್ತ್ರೀಯರ ಕಾಯಿಲೆಗಳ ಮಾತಂತೂ ಮರೆಯ ಮಾತು. ‘ಹೊರಗಾಗಿದ್ದೇನೆ’ ಎಂದರೆ ಮುಟ್ಟು. ‘ಹೊರಕಡೆಗೆ ಹೋಗಿದ್ದೆ’ ಎಂದರೆ ಬಹಿರ್ದೆಸೆ. ಕನ್ನಡವನ್ನು ಆರು ತಿಂಗಳಲ್ಲಿ ಕಲಿತವನ ಕಿವಿಗೆ ಇವೆರಡರ ವ್ಯತ್ಯಾಸ ಬೀಳುವುದು ಕಷ್ಟ. ಬೆಂಗಳೂರಿನಲ್ಲಿ ಹುಟ್ಟಿ, ಶಿಶುವಿಹಾರದಿಂದ ಇಂಗ್ಲಿಷಿನಲ್ಲಿ ಓದಿದ ಕನ್ನಡದ ಮಗುವಿಗೂ ಅಷ್ಟೇ ಕಷ್ಟ. ಆದುದರಿಂದ ಹೊರರಾಜ್ಯಗಳಿಂದ ಬಂದ ವಿದ್ಯಾರ್ಥಿಗಳ ಮೇಲೆ ದೂರು ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಅವರಿಗಾದರೂ ತಮಗೆ ಭಾಷೆ ಬಾರದೆಂಬುದು ಗೊತ್ತಿದೆ. ನಮ್ಮ ಮಕ್ಕಳಿಗೆ ಅದೂ ಗೊತ್ತಿಲ್ಲ.

ಎದೆಯ ಕಫವೂ ಬಾಯಿಯ ಉಗುಳೂ

ಒಂದು ಮಾತು ತಪ್ಪಿದರೆ ಏನಾಗುತ್ತದೆಂಬುದಕ್ಕೆ ಕ್ಷಯರೋಗಕ್ಕಿಂತ ಬೇರೆ ನಿದರ್ಶನ ಬೇಡ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ನಮ್ಮ ದೇಶದಲ್ಲಿಯೇ ಇದ್ದಾರೆ. ರೋಗವನ್ನು ಪತ್ತೆಹಚ್ಚಬೇಕಾದರೆ ಶ್ವಾಸಕೋಶದ ಆಳದಿಂದ ಕೆಮ್ಮಿ ತೆಗೆದ ಕಫ ಬೇಕು. ಬಾಯಿಯ ಜೊಲ್ಲು ಬಂದರೆ ಪರೀಕ್ಷೆ ವ್ಯರ್ಥ. ರೋಗಿಯ ಕೈಗೆ ಸಣ್ಣ ಡಬ್ಬಿಯೊಂದನ್ನು ಕೊಟ್ಟು “ಇದರಲ್ಲಿ ಉಗುಳಿ ತನ್ನಿ” ಎಂದರೆ ಆತ ಉಗುಳಿಯೇ ತರುತ್ತಾನೆ. ಪ್ರಯೋಗಶಾಲೆ ‘ರೋಗಾಣುವಿಲ್ಲ’ ಎಂದು ಬರೆಯುತ್ತದೆ. ರೋಗಿ ನೆಮ್ಮದಿಯಿಂದ ಮನೆಗೆ ಹೋಗಿ, ಹೆಂಡತಿ ಮಕ್ಕಳ ನಡುವೆ ಕೆಮ್ಮುತ್ತ ಮಲಗುತ್ತಾನೆ.

ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ಲೆಕ್ಕ ಹಾಕಿ ತೋರಿಸಿತು. ಕ್ಷಯದ ಶಂಕೆಯಿಂದ ಬಂದ ಕೆಲವರಿಗೆ ಕಫವನ್ನು ಹೇಗೆ ತೆಗೆಯಬೇಕೆಂದು ಸರಳವಾಗಿ ತಿಳಿಸಿಕೊಟ್ಟರು. ಉಳಿದವರಿಗೆ ವಾಡಿಕೆಯಂತೆ ಡಬ್ಬಿಯನ್ನು ಮಾತ್ರ ಕೊಟ್ಟರು. ತಿಳಿವಳಿಕೆ ಪಡೆದ ಸ್ತ್ರೀಯರಲ್ಲಿ ನೂರಕ್ಕೆ 13 ಮಂದಿಯಲ್ಲಿ ರೋಗಾಣು ಕಂಡುಬಂದರೆ, ಪಡೆಯದ ಸ್ತ್ರೀಯರಲ್ಲಿ ನೂರಕ್ಕೆ 8 ಮಂದಿಯಲ್ಲಿ ಮಾತ್ರ ಕಂಡುಬಂದಿತು. ಪುರುಷರಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಹೆಂಗಸರು ನಾಲ್ಕು ಜನರೆದುರು ಕ್ಯಾಕರಿಸುವುದು ಅಸಭ್ಯವೆಂದು ಎಣಿಸುವ ಸಮಾಜ ಅಲ್ಲಿಯದೂ ಹೌದು, ನಮ್ಮದೂ ಹೌದು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಎರಡು ನಿಮಿಷದ ಮಾತು. ಆ ಮಾತು ಇಲ್ಲದ ಕಡೆ ನೂರು ಹೆಂಗಸರಲ್ಲಿ ಐವರು ರೋಗವಿದ್ದೂ ಇಲ್ಲವೆನಿಸಿಕೊಂಡು ಮನೆಗೆ ಹಿಂದಿರುಗಿದರು.

ಸಕ್ಕರೆ ಕಾಯಿಲೆಯವರದು ಇನ್ನೊಂದು ಬಗೆ. ರಕ್ತದ ಸಕ್ಕರೆಯನ್ನು ಇಳಿಸುವ ಕೆಲವು ಗುಳಿಗೆಗಳನ್ನು ನುಂಗಿ ಊಟ ಬಿಟ್ಟರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ‘ಊಟಕ್ಕೆ ಮುಂಚೆ ಒಂದು’ ಎಂದು ವೈದ್ಯರು ಹೇಳಿ ಕಳುಹಿಸುತ್ತಾರೆ. ಸೋಮವಾರ ಒಪ್ಪತ್ತು, ಏಕಾದಶಿಗೆ ನಿರಾಹಾರ, ಶ್ರಾವಣದಲ್ಲಿ ಮತ್ತೆ ಶನಿವಾರಗಳು, ಮುಸ್ಲಿಮರಾದರೆ ರಂಜಾನಿನ ಒಂದು ತಿಂಗಳು, ಇವನ್ನು ಕೇಳಬೇಕೆಂದು ಎಷ್ಟು ಮಂದಿಗೆ ಹೊಳೆಯುತ್ತದೆ? “ಉಪವಾಸ ಮಾಡುತ್ತೀರಾ ಅಮ್ಮಾ?” ಎಂದರೆ “ಇಲ್ಲ” ಎಂಬ ಉತ್ತರ ಬರಬಹುದು. “ಒಪ್ಪತ್ತು ಇರುತ್ತೀರಾ?” ಎಂದು ಕೇಳಿದರೆ ಆಗ ತಿಳಿಯುತ್ತದೆ. ಆಕೆಯ ಲೆಕ್ಕದಲ್ಲಿ ಒಪ್ಪತ್ತು ಉಪವಾಸವೇ ಅಲ್ಲ!

ಮಾಧ್ಯಮದ ಗೊಂದಲ

ಹಾಗಾದರೆ ವೈದ್ಯಶಾಸ್ತ್ರವನ್ನೇ ಕನ್ನಡದಲ್ಲಿ ಬೋಧಿಸಿದರೆ ಆಯಿತಲ್ಲ ಎಂಬ ಸಲಹೆ ಒಡನೆಯೇ ಬರುತ್ತದೆ. 2022ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶವು ಎಂ.ಬಿ.ಬಿ.ಎಸ್. ಮೊದಲ ವರ್ಷದ ಪಠ್ಯಪುಸ್ತಕಗಳನ್ನು ಹಿಂದಿಯಲ್ಲಿ ಹೊರತಂದಿತು. ಪಾರಿಭಾಷಿಕ ಶಬ್ದಗಳನ್ನು ಬಹುಮಟ್ಟಿಗೆ ಇಂಗ್ಲಿಷಿನವನ್ನೇ ಇಟ್ಟುಕೊಂಡು ನಾಗರಿ ಲಿಪಿಯಲ್ಲಿ ಬರೆದಿದ್ದಾರೆ. ಪ್ರಯತ್ನ ಸ್ತುತ್ಯವೇ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾಫ್ನಾದಲ್ಲಿದ್ದ ಅಮೆರಿಕದ ಮಿಷನರಿ ವೈದ್ಯ ಸ್ಯಾಮ್ಯುಯೆಲ್ ಫಿಸ್ಕ್ ಗ್ರೀನ್ ತಮಿಳಿನಲ್ಲಿ ವೈದ್ಯವಿದ್ಯೆಯನ್ನು ಕಲಿಸಿ, ಅದಕ್ಕೆ ಬೇಕಾದ ಗ್ರಂಥಗಳನ್ನು ಭಾಷಾಂತರಿಸಿದ್ದನು. ಆದುದರಿಂದ ದೇಶಭಾಷೆಯಲ್ಲಿ ಇದು ಆಗದ ಕೆಲಸವೆಂದು ಯಾರೂ ಹೇಳುವಂತಿಲ್ಲ.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. 1918ರಲ್ಲಿ ಸ್ಥಾಪಿತವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ವೈದ್ಯಶಾಸ್ತ್ರವನ್ನೂ ಉರ್ದುವಿನಲ್ಲಿ ಬೋಧಿಸಿತು. ಸಂಸ್ಥಾನವು ಭಾರತದಲ್ಲಿ ವಿಲೀನವಾಗುವ ತನಕ ಆ ಪದ್ಧತಿ ನಡೆಯಿತು. ದೇಶಭಾಷೆಯ ಮಾಧ್ಯಮಕ್ಕೆ ಇದಕ್ಕಿಂತ ದೊಡ್ಡ ಸಾಧನೆ ಯಾವುದಿದೆ? ಆದರೆ ಅದೇ ಸಂಸ್ಥಾನದ ರಾಯಚೂರು, ಗುಲಬರ್ಗಾ ಜಿಲ್ಲೆಗಳ ಹಳ್ಳಿಯ ರೋಗಿ ಆಡುತ್ತಿದ್ದುದು ಕನ್ನಡ, ವಾರಂಗಲ್ಲಿನವನು ತೆಲುಗು. ಬೋಧನೆಯ ಭಾಷೆ ಬದಲಾಗಿತ್ತು; ರೋಗಿಯ ಹಾಸಿಗೆಯ ಬಳಿ ಇದ್ದ ಕಂದಕ ಹಾಗೆಯೇ ಇತ್ತು. ನಾಳೆ ಕನ್ನಡದಲ್ಲಿಯೇ ಪಾಠವಾದರೂ, ಅದು ‘ಯಕೃತ್ತು’, ‘ಮೂತ್ರಪಿಂಡ’ಗಳ ಕನ್ನಡವೇ ಆಗುವುದಾದರೆ ಫಲವೇನು? ಇಂದಿನ ಹಳ್ಳಿಗ ‘ಕಿಡ್ನಿ’ ಎಂದರೆ ತಿಳಿದುಕೊಳ್ಳುತ್ತಾನೆ. ಮೂತ್ರಪಿಂಡವೆಂದರೆ, ಪಾಪ, ಯಾರ ಶ್ರಾದ್ಧದ ಪಿಂಡವೋ ಎಂದುಕೊಂಡಾನು.

ಮೇಲಿನವರಿಗೆ ಈ ಕೊರತೆ ಕಂಡೇ ಇಲ್ಲವೆಂದು ಹೇಳಲಾಗದು. 2019ರಲ್ಲಿ ದೇಶಾದ್ಯಂತ ಜಾರಿಗೆ ಬಂದ ಹೊಸ ಪಠ್ಯಕ್ರಮವು ನಡತೆ, ನೀತಿ, ಸಂವಹನಗಳಿಗಾಗಿಯೇ ಒಂದು ಭಾಗವನ್ನು ಸೇರಿಸಿತು. ಕಾಲೇಜು ಸೇರಿದೊಡನೆ ಒಂದು ತಿಂಗಳ ಪ್ರವೇಶಶಿಕ್ಷಣವನ್ನೂ ಏರ್ಪಡಿಸಿತು. ಅದರ 175 ಗಂಟೆಗಳಲ್ಲಿ ಭಾಷೆಗೂ ಕಂಪ್ಯೂಟರಿಗೂ ಕೂಡಿ 40 ಗಂಟೆ. ಸ್ಥಳೀಯ ಭಾಷೆಗೂ ಅದರಲ್ಲೇ ಜಾಗ. ಆ ಗಂಟೆಗಳಲ್ಲಿ ಕಲಿಸಬಹುದಾದುದು ‘ನನ್ನ ಹೆಸರು ಇಂಥದು’, ‘ಬಸ್ ನಿಲ್ದಾಣ ಎಲ್ಲಿದೆ?’ ಎಂಬಷ್ಟು. ಅದೂ ವಿದ್ಯಾರ್ಥಿಯು ರೋಗಿಯ ಮುಖವನ್ನೇ ಕಂಡಿರದ ದಿನಗಳಲ್ಲಿ. ವಾರ್ಡಿನಲ್ಲಿ ನಿಂತು ಮಾತು ಸಾಲದೆ ತಡವರಿಸುವ ಕಾಲಕ್ಕೆ ಆ ಪಾಠ ಮರೆತೇಹೋಗಿರುತ್ತದೆ. ಆಗ ನೆರವಿಗೆ ಬರುವವರು ಸಹಪಾಠಿ, ನರ್ಸು, ಇಲ್ಲವೇ ಕಸ ಗುಡಿಸುತ್ತಿರುವ ಆಯಾ. ಎಷ್ಟೋ ಸಲ ರೋಗಿಯ ವೃತ್ತಾಂತ ದಾಖಲೆಯಾಗುವುದು ಈ ಆಯಮ್ಮನ ಬಾಯಿಂದ. ಆಕೆಗೆ ಯಾರೂ ಪದವಿಯನ್ನು ಕೊಟ್ಟಿಲ್ಲ, ಸಂಬಳವೂ ಅಷ್ಟಕ್ಕಷ್ಟೆ.

ಇನ್ನು ಹೌಸ್ ಸರ್ಜನ್ ವರ್ಷ. ಕಲಿಯದೆ ಉಳಿದುದನ್ನು ಕಲಿಯಲೆಂದೇ ಇಟ್ಟ ಆ ಒಂದು ವರ್ಷವನ್ನು ಸ್ನಾತಕೋತ್ತರ ಪ್ರವೇಶಪರೀಕ್ಷೆಯ ಚಿಂತೆ ತಿಂದುಹಾಕುತ್ತಿದೆ. ಆ ಪರೀಕ್ಷೆಯಲ್ಲಿ ಪ್ರತಿಯೊಂದು ಪ್ರಶ್ನೆಗೂ ನಾಲ್ಕು ಉತ್ತರಗಳನ್ನು ಕೊಟ್ಟು ಒಂದನ್ನು ಆರಿಸಲು ಹೇಳುತ್ತಾರೆ. ರೋಗಿಯಾದರೋ ನಾಲ್ಕು ಉತ್ತರಗಳನ್ನು ಕೈಯಲ್ಲಿ ಹಿಡಿದುಕೊಂಡು ಬರುವುದಿಲ್ಲ.

ಜರ್ಮನಿಗೆ ಬೇಕು, ರಾಯಚೂರಿಗೆ ಬೇಡ

ದಾದಿಯರ ಶಿಕ್ಷಣದಲ್ಲಿ ಈ ವಿಪರ್ಯಾಸ ಇನ್ನೂ ಎದ್ದು ಕಾಣುತ್ತದೆ. ರೋಗಿಯ ಪಕ್ಕದಲ್ಲಿ ವೈದ್ಯರಿಗಿಂತ ಹೆಚ್ಚು ಹೊತ್ತು ಇರುವವರು ಅವರು. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್‌ಸಿ. ನರ್ಸಿಂಗ್ ಪಠ್ಯದಲ್ಲಿ ಮೊದಲ ಸೆಮಿಸ್ಟರಿಗೇ ಸಂವಹನದ ಇಂಗ್ಲಿಷನ್ನು ಇಟ್ಟಿದೆ. ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಬಂದ ಹುಡುಗಿಯರು ಬಹಳ. ಓದು ಮುಗಿಸಿದವರಲ್ಲಿ ಎಷ್ಟೋ ಮಂದಿಯ ದೃಷ್ಟಿ ವಿದೇಶದ ಕಡೆಗೆ. ಬ್ರಿಟನ್ನಿಗೆ ಹೋಗಲಿಚ್ಛಿಸುವವರಲ್ಲಿ ಅನೇಕರು ವೃತ್ತಿಯ ಇಂಗ್ಲಿಷಿನ ಪರೀಕ್ಷೆಯೊಂದಕ್ಕೆ ಕೂಡುತ್ತಾರೆ. ಅದರಲ್ಲಿ ಪರೀಕ್ಷಕನೇ ರೋಗಿಯ ವೇಷ ತೊಟ್ಟು ಮಾತನಾಡುತ್ತಾನೆ. ಅಳುವ ತಾಯಿಯನ್ನು ಸಮಾಧಾನಪಡಿಸಬೇಕು, ಹಟಮಾರಿ ಮುದುಕನನ್ನು ಔಷಧಕ್ಕೆ ಒಪ್ಪಿಸಬೇಕು. ಜರ್ಮನಿಯಂತೂ ಹೊರಗಿನ ವೈದ್ಯರಿಗೆ ವೃತ್ತಿಭಾಷೆಯ ಪರೀಕ್ಷೆಯನ್ನೇ ವಿಧಿಸಿದೆ: ರೋಗಿಯೊಡನೆ ಇಪ್ಪತ್ತು ನಿಮಿಷದ ಸಂಭಾಷಣೆ, ಅದನ್ನು ಬರೆದಿಡಲು ಇಪ್ಪತ್ತು ನಿಮಿಷ, ಬಳಿಕ ಸಹವೈದ್ಯರೊಡನೆ ಇಪ್ಪತ್ತು ನಿಮಿಷ. ಇದಕ್ಕಾಗಿ ನಮ್ಮವರು ತಿಂಗಳುಗಟ್ಟಲೆ ಹಣ ತೆತ್ತು ಅಭ್ಯಾಸಮಾಡುತ್ತಾರೆ, ತೇರ್ಗಡೆಯಾಗುತ್ತಾರೆ, ಅಲ್ಲಿನ ಅಜ್ಜಿಯರಿಂದ ಮೆಚ್ಚುಗೆಯನ್ನೂ ಪಡೆಯುತ್ತಾರೆ. ನಮ್ಮ ಹುಡುಗರಿಗೆ ಭಾಷೆ ಕಲಿಯುವ ಶಕ್ತಿಯಿಲ್ಲವೆಂದು ಇದಾದ ಮೇಲೆ ಯಾರು ಹೇಳಬಲ್ಲರು? ಡ್ರೆಸ್ಡೆನ್ನಿನ ರೋಗಿ ಕೇಳಿ ಪಡೆಯುವುದನ್ನು ದೇವದುರ್ಗದ ರೋಗಿ ಕೇಳುವುದನ್ನೇ ಅರಿಯ, ಅಷ್ಟೇ ವ್ಯತ್ಯಾಸ.

ಕಲಿಸಬೇಕಾದ ಕನ್ನಡವಾದರೂ ಯಾವುದು? ವ್ಯಾಕರಣ, ಸಂಧಿಸಮಾಸಗಳನ್ನು ನಮ್ಮಂಥ ಕನ್ನಡ ಅಧ್ಯಾಪಕರು ಆ ಮಕ್ಕಳ ಮೇಲೆ ಹೇರಲು ಹೊರಟರೆ ಅದರಷ್ಟು ನಿರರ್ಥಕ ಕೆಲಸ ಇನ್ನೊಂದಿಲ್ಲ. ಜಿಲ್ಲೆಜಿಲ್ಲೆಯ ಕಾಯಿಲೆಯ ಮಾತುಗಳ ಒಂದು ಕೋಶ ಬೇಕು. ಅದನ್ನು ಕೂಡಿಸಿಕೊಡಲು ಕನ್ನಡ ವಿಭಾಗಗಳೂ ವೈದ್ಯಕೀಯ ಕಾಲೇಜುಗಳೂ ಒಟ್ಟಿಗೆ ಕುಳಿತರೆ ಸಾಕು. ಸಾಮಗ್ರಿಗೆ ಬಡತನವಿಲ್ಲ. ‘ರಾಶಿ’ ಎಂದು ನಾಡಿಗೆಲ್ಲ ಪರಿಚಿತರಾಗಿದ್ದ ಡಾಕ್ಟರ್ ಎಂ. ಶಿವರಾಂ ಅವರ ‘ಮನಮಂಥನ’ವೂ ಡಾಕ್ಟರ್ ಅನುಪಮಾ ನಿರಂಜನ ಅವರ ‘ತಾಯಿ-ಮಗು’ವೂ ವೈದ್ಯರೇ ಜನರಿಗಾಗಿ ಬರೆದ ಪುಸ್ತಕಗಳು. ಡಾಕ್ಟರ್ ಡಿ. ಎಸ್. ಶಿವಪ್ಪನವರು ವೈದ್ಯಕೀಯ ಪದಗಳಿಗಾಗಿ ಬಹುಕಾಲ ದುಡಿದರು. ಉಳಿದದ್ದು ಆಶಾ ಕಾರ್ಯಕರ್ತೆಯರ, ಸೂಲಗಿತ್ತಿಯರ, ಹಳೆಯ ನರ್ಸುಗಳ ನಾಲಗೆಯಲ್ಲಿದೆ, ಬರೆದುಕೊಳ್ಳುವವರು ಬೇಕು.

ಪರೀಕ್ಷೆಯಲ್ಲಿ ಬಾರದುದನ್ನು ನಮ್ಮ ವಿದ್ಯಾರ್ಥಿ ಓದುವುದಿಲ್ಲವೆಂಬುದು ಅಧ್ಯಾಪಕರೆಲ್ಲರಿಗೂ ತಿಳಿದ ಸಂಗತಿ. ಅಮೆರಿಕದ ಹವರ್ಡ್ ಬ್ಯಾರೋಸ್ ಎಂಬ ವೈದ್ಯರು ರೋಗಿಯಂತೆ ನಟಿಸುವವರನ್ನು ಬೋಧನೆಗೂ ಪರೀಕ್ಷೆಗೂ ತಂದದ್ದು 1963ರಷ್ಟು ಹಿಂದೆ. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡೆನ್ ಮತ್ತು ಅವರ ಜೊತೆಗಾರರು 1975ರಲ್ಲಿ ರೂಪಿಸಿದ, ಮೇಜಿನಿಂದ ಮೇಜಿಗೆ ಹೋಗುತ್ತ ಉತ್ತರಿಸುವ ಪರೀಕ್ಷೆ ನಮ್ಮ ಕಾಲೇಜುಗಳಲ್ಲಿಯೂ ಬಳಕೆಗೆ ಬಂದಿದೆ. ಆ ಮೇಜುಗಳ ಸಾಲಿಗೆ ಇನ್ನೊಂದನ್ನು ಸೇರಿಸಬಹುದು. ಅಲ್ಲಿ ಒಬ್ಬ ಹೆಣ್ಣುಮಗಳು ಕಫದ ಡಬ್ಬಿಯನ್ನು ಹಿಡಿದು ಕುಳಿತಿರಲಿ. ವಿದ್ಯಾರ್ಥಿಯು ಐದು ನಿಮಿಷದಲ್ಲಿ ಆಕೆಯ ಕೆಮ್ಮಿನ ಕಥೆಯನ್ನು ಕೇಳಿ, ಎದೆಯ ಕಫವನ್ನು ಹೇಗೆ ತೆಗೆದು ಯಾವ ಹೊತ್ತಿಗೆ ತರಬೇಕೆಂಬುದನ್ನು ತಿಳಿಸಿ ಎದ್ದು ಹೋಗಲಿ. ಹತ್ತು ಅಂಕಗಳಲ್ಲಿ ಐದನ್ನು ಪ್ರೊಫೆಸರರು ಹಾಕಲಿ. ಮಿಕ್ಕ ಐದನ್ನು, ಅವನು ಹೇಳಿದ್ದು ತನಗೆಷ್ಟು ತಿಳಿಯಿತೆಂಬುದನ್ನು ನೋಡಿಕೊಂಡು, ಆ ಹೆಣ್ಣುಮಗಳೇ ಹಾಕಲಿ.